ರಕ್ತ ಕಂಡ ಕೂಡಲೇ ಪೈಲ್ಸ್ ಅಂತ ನೀವೇ ತೀರ್ಮಾನ ಮಾಡಬೇಡಿ

ಓದುಗರ ಪ್ರಶ್ನೆ, ವೈದ್ಯರ ಉತ್ತರ

50 ತುಂಬದವರಲ್ಲೂ ದೊಡ್ಡ ಕರುಳಿನ ಕ್ಯಾನ್ಸರ್ ಹೆಚ್ಚುತ್ತಿದೆ ಅಂತ ಕಳೆದ ಸಂಚಿಕೆಯಲ್ಲಿ ಚಿಕ್ಕದಾಗಿ ಬರೆದಿದ್ದೆ. ಅದಕ್ಕೆ ನಮ್ಮ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಮುಳ್ಳೇರಿಯದವರೆಗೆ ಎಲ್ಲ ಕಡೆಯಿಂದ ಪತ್ರ ಬಂದಿದೆ. ಈ ಸಲದ ಅಂಕಣ ಪೂರ್ತಿ ಅದಕ್ಕೇ. ಹೆಸರು ಬೇಡ ಅಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರನ್ನೂ ಹಾಕಿಲ್ಲ, ಊರು ಮಾತ್ರ ಇದೆ.

ಪ್ರಶ್ನೆ: ನನಗೆ 34 ವರ್ಷ, ಪಿಕಪ್ ಓಡಿಸುತ್ತೇನೆ. ನಾಲ್ಕೈದು ತಿಂಗಳಿಂದ ಕಕ್ಕಸಿಗೆ ಹೋದಾಗ ಆಗಾಗ ರಕ್ತ ಬೀಳುತ್ತದೆ. ನೋವಿಲ್ಲ. ಕೂತು ಕೂತು ಉಷ್ಣ ಆಗಿದೆ, ಪೈಲ್ಸ್ ಇರಬೇಕು ಅಂತ ಎಲ್ಲರೂ ಹೇಳಿದರು. ಮೆಡಿಕಲ್‌ನಿಂದ ಮುಲಾಮು ತಂದು ಹಚ್ಚಿದೆ. ಸ್ವಲ್ಪ ದಿನ ನಿಂತಿತು, ಮತ್ತೆ ಶುರುವಾಯಿತು. ಈಗೀಗ ಹೋಗಿ ಬಂದ ಮೇಲೂ ಪೂರ್ತಿ ಆಗಲಿಲ್ಲ ಅನ್ನಿಸುತ್ತದೆ. ಡಾಕ್ಟರಿಗೆ ತೋರಿಸಲೇಬೇಕಾ? (ಬದಿಯಡ್ಕ)

ಉತ್ತರ: ತೋರಿಸಲೇಬೇಕು. ಈ ವಾರವೇ ತೋರಿಸಿ.

ಮೊದಲು ಧೈರ್ಯದ ಮಾತು ಹೇಳುತ್ತೇನೆ. ನಿಮ್ಮ ವಯಸ್ಸಿನವರಲ್ಲಿ ರಕ್ತ ಬೀಳುವುದಕ್ಕೆ ಹೆಚ್ಚಾಗಿ ಕಾರಣ ಪೈಲ್ಸೋ ಫಿಶರೋ (ಮಲದ್ವಾರದ ಬಿರುಕು) ಆಗಿರುತ್ತದೆ, ಕ್ಯಾನ್ಸರ್ ಇರುವುದು ಕೆಲವರಲ್ಲಿ ಮಾತ್ರ. ಆದರೆ ಆ ಕೆಲವರು ಯಾರು ಅಂತ ಮಾತಿನಲ್ಲಿ ಕೇಳಿ ಹೇಳಲು ಯಾರಿಂದಲೂ ಆಗದು, ನನ್ನಿಂದಲೂ ಆಗದು. ಪೈಲ್ಸ್‌ನ ರಕ್ತವೂ ಕೆಂಪೇ, ಗುದನಾಳದ ಗಡ್ಡೆಯ ರಕ್ತವೂ ಕೆಂಪೇ. ಎರಡರಲ್ಲೂ ನೋವಿಲ್ಲದೆ ಇರಬಹುದು, ಎರಡೂ ಕೆಲವು ದಿನ ನಿಂತು ಮತ್ತೆ ಶುರುವಾಗಬಹುದು. ಹಾಗಾಗಿ ಮುಲಾಮಿಗೆ ನಿಂತಿತು ಅನ್ನುವುದರಿಂದ ಏನೂ ತಿಳಿಯುವುದಿಲ್ಲ. ಇನ್ನೊಂದು ಮಾತು, ಪೈಲ್ಸ್ ಇದ್ದವರಿಗೆ ಕ್ಯಾನ್ಸರ್ ಬರಬಾರದು ಅಂತೇನಿಲ್ಲ, ಎರಡೂ ಒಟ್ಟಿಗೆ ಇರಬಹುದು.

ನಿಮ್ಮ ಪತ್ರ ಓದುವಾಗ ರಕ್ತಕ್ಕಿಂತ ಜಾಸ್ತಿ ನನಗೆ ತಟ್ಟಿದ್ದು ಕೊನೆಯ ಸಾಲು. ಹೋಗಿ ಬಂದ ಮೇಲೂ ಒಳಗೆ ಏನೋ ಉಳಿದಿದೆ ಅನ್ನಿಸುವುದು, ಮತ್ತೆ ಮತ್ತೆ ಹೋಗಬೇಕು ಅನ್ನಿಸುವುದು, ಮಲದ ಜೊತೆ ಲೋಳೆ ಬರುವುದು, ಮಲ ಮೊದಲಿಗಿಂತ ಸಪೂರ ಆಗುವುದು, ಇಂಥವೆಲ್ಲ ಪೈಲ್ಸ್ ಅಂತ ಸುಮ್ನೆ ಬಿಡುವ ಲಕ್ಷಣಗಳಲ್ಲ. ಗುದನಾಳದಲ್ಲಿ ಗಡ್ಡೆ ಇದ್ದರೆ ಅದನ್ನೇ ದೇಹ ಮಲ ಅಂತ ತಿಳಿದುಕೊಂಡು ಹೊರಗೆ ತಳ್ಳಲು ನೋಡುತ್ತದೆ, ಆಗ ಹೀಗೆ ಅನ್ನಿಸುತ್ತದೆ.

ಡಾಕ್ಟರು ಏನು ಮಾಡುತ್ತಾರೆ ಅಂತ ಗೊತ್ತಿದ್ದರೆ ಅರ್ಧ ಹೆದರಿಕೆ ಹೋಗುತ್ತದೆ. ಎಡಕ್ಕೆ ಮಗ್ಗುಲಾಗಿ ಮಲಗಲು ಹೇಳುತ್ತಾರೆ, ಗ್ಲೌಸ್ ಹಾಕಿ ಜೆಲ್ ಹಚ್ಚಿ ಬೆರಳಿನಿಂದ ಪರೀಕ್ಷೆ ಮಾಡುತ್ತಾರೆ. ಒಂದು ನಿಮಿಷದ ಕೆಲಸ, ಖರ್ಚು ಏನೂ ಇಲ್ಲ. ಪ್ರಾಯದವರಲ್ಲಿ, ಅಂದರೆ 50 ತುಂಬದವರಲ್ಲಿ, ಈ ಕ್ಯಾನ್ಸರ್ ಹೆಚ್ಚಾಗಿ ಗುದನಾಳದಲ್ಲಿ ಅಥವಾ ಕರುಳಿನ ಎಡಭಾಗದಲ್ಲಿ ಬರುತ್ತದೆ, ಗುದನಾಳದ ಕೆಳಭಾಗದಲ್ಲಿದ್ದರೆ ಬೆರಳಿಗೇ ಸಿಗುತ್ತದೆ. ಅಷ್ಟು ಹತ್ತಿರ ಇದ್ದದ್ದು ಬರೀ ಬೆರಳು ಹಾಕಿ ನೋಡದೆ ತಪ್ಪಿಹೋಗುವುದು ನನಗೆ ತುಂಬಾ ಸಂಕಟ ಕೊಡುವ ವಿಷಯ. ಡಾಕ್ಟರು ನೋಡದೆಯೇ ಚೀಟಿ ಬರೆಯಲು ಹೊರಟರೆ ‘ಒಮ್ಮೆ ಪರೀಕ್ಷೆ ಮಾಡಿ ಡಾಕ್ಟ್ರೇ’ ಅಂತ ನೀವೇ ಕೇಳಿ. ಕೇಳುವುದು ಅವಮರ್ಯಾದೆ ಅಲ್ಲ. ಬೆರಳಿಗೆ ಏನೂ ಸಿಗದಿದ್ದರೂ ನಿಮ್ಮ ವಿಷಯದಲ್ಲಿ ಕೊಲೊನೋಸ್ಕೋಪಿ (ಮಲದ್ವಾರದಿಂದ ಕ್ಯಾಮರಾ ಇರುವ ಕೊಳವೆ ಹಾಕಿ ಕರುಳನ್ನು ನೋಡುವ ಪರೀಕ್ಷೆ) ಆಗಬೇಕು ಅಂತಲೇ ನಾನು ಹೇಳುವುದು.

ಬಸ್ ಸ್ಟ್ಯಾಂಡಿನ ಗೋಡೆಯಲ್ಲಿ, ಕರೆಂಟ್ ಕಂಬದಲ್ಲಿ ‘ಆಪರೇಷನ್ ಇಲ್ಲದೆ ಮೂಲವ್ಯಾಧಿ ಗುಣ’ ಅಂತ ಅಂಟಿಸಿರುತ್ತಾರಲ್ವಾ, ಅಲ್ಲಿಗೆ ಹೋಗಿ ಇನ್ನೂ ಆರು ತಿಂಗಳು ಕಳೆಯಬೇಡಿ. ಒಳಗೆ ಏನಿದೆ ಅಂತ ನೋಡದವರು ಯಾವುದನ್ನು ಗುಣ ಮಾಡುತ್ತಾರೆ?

ಪ್ರಶ್ನೆ: 31 ವರ್ಷ, ಎರಡು ಮಕ್ಕಳು. ಆರು ತಿಂಗಳಿಂದ ಹಿಮೋಗ್ಲೋಬಿನ್ 8ರ ಹತ್ತಿರವೇ ಇದೆ. ಕಬ್ಬಿಣದ ಮಾತ್ರೆ ತಿಂದಾಗ ಸ್ವಲ್ಪ ಏರುತ್ತದೆ, ಬಿಟ್ಟರೆ ಇಳಿಯುತ್ತದೆ. ಮುಟ್ಟಿನ ರಕ್ತ ಅಂಥಾ ಜಾಸ್ತಿ ಏನಿಲ್ಲ. ಹೊಟ್ಟೆ ಹಿಂಡಿದ ಹಾಗೆ ನೋವು, ಕೆಲವು ದಿನ ಭೇದಿ. ಆಸ್ಪತ್ರೆಯಲ್ಲಿ ಡಾಕ್ಟರು ಮಲಯಾಳ ಮಾತಾಡುತ್ತಾರೆ, ನನಗೆ ಅಷ್ಟು ಬರುವುದಿಲ್ಲ. ಈ ವಿಷಯ ಹೇಳಲು ನಾಚಿಕೆ ಬೇರೆ. (ಪೆರ್ಲ)

ಉತ್ತರ: ಹೆಂಗಸರಲ್ಲಿ ರಕ್ತ ಕಮ್ಮಿ ಅಂದ ಕೂಡಲೇ ಮುಟ್ಟು, ಹೆರಿಗೆ, ಊಟ ಸರಿ ಇಲ್ಲ ಅಂತ ಮುಗಿಸಿಬಿಡುವ ರೂಢಿ ನಮ್ಮಲ್ಲಿದೆ. ಹೆಚ್ಚಿನ ಸಲ ಅದು ಸರಿಯೂ ಇರುತ್ತದೆ. ತೋಟದಲ್ಲಿ ಬರಿಗಾಲಲ್ಲಿ ನಡೆಯುವವರಿಗೆ ಕೊಕ್ಕೆ ಹುಳದಿಂದಲೂ ಆಗುತ್ತದೆ. ಆದರೆ ಆರು ತಿಂಗಳು ಮಾತ್ರೆ ತಿಂದರೂ ರಕ್ತದ ಮಟ್ಟ ಏರಿ ನಿಲ್ಲುತ್ತಿಲ್ಲ ಅಂದರೆ ಎಲ್ಲೋ ಸೋರುತ್ತಿದೆಯಾ ಅಂತ ಹುಡುಕಬೇಕು. ಕರುಳಿನ ಬಲಭಾಗದ ಗಡ್ಡೆ ದಿನಾ ಸ್ವಲ್ಪ ಸ್ವಲ್ಪ ರಕ್ತ ಒಸರುತ್ತದೆ, ಅದು ಮಲದಲ್ಲಿ ಬೆರೆತು ಹೋಗುತ್ತದೆ, ಕಣ್ಣಿಗೆ ಕಾಣುವುದೇ ಇಲ್ಲ. ಕಾಣುವುದು ಸುಸ್ತು ಮಾತ್ರ.

2023ರಲ್ಲಿ ಅಮೆರಿಕದ ಒಂದು ಅಧ್ಯಯನ 50ರ ಒಳಗಿನ ರೋಗಿಗಳ ಹಳೆಯ ದಾಖಲೆಗಳನ್ನು ತೆಗೆದು ನೋಡಿತು. ಕ್ಯಾನ್ಸರ್ ಪತ್ತೆಯಾಗುವ 3 ತಿಂಗಳಿಂದ 2 ವರ್ಷ ಮೊದಲೇ ನಾಲ್ಕು ಲಕ್ಷಣಗಳು ಎದ್ದು ಕಂಡಿದ್ದವು: ಹೊಟ್ಟೆನೋವು, ಮಲದ್ವಾರದಿಂದ ರಕ್ತ, ನಿಲ್ಲದ ಭೇದಿ, ಕಬ್ಬಿಣದ ಕೊರತೆಯ ರಕ್ತಹೀನತೆ. ಒಂದಕ್ಕಿಂತ ಜಾಸ್ತಿ ಒಟ್ಟಿಗೆ ಇದ್ದಷ್ಟೂ ಅಪಾಯ ಜಾಸ್ತಿ. ನಿಮ್ಮ ಪತ್ರದಲ್ಲಿ ಮೂರು ಇವೆ. ಇದರಿಂದ ನಿಮಗೆ ಕ್ಯಾನ್ಸರ್ ಇದೆ ಅಂತ ಆಗುವುದಿಲ್ಲ, ಆದರೆ ಹೊಟ್ಟೆ, ಕರುಳಿನ (ಗ್ಯಾಸ್ಟ್ರೋ) ತಜ್ಞರ ಹತ್ತಿರ ಹೋಗಿ ಮೇಲಿನಿಂದಲೂ ಕೆಳಗಿನಿಂದಲೂ ಕೊಳವೆ ಹಾಕಿ ನೋಡಿಸಲೇಬೇಕು.

ಭಾಷೆಯ ಕಷ್ಟ ನನಗೆ ಚೆನ್ನಾಗಿ ಗೊತ್ತು. ಗಡಿಯಲ್ಲಿರುವ ನಾವು ಎಷ್ಟು ಜನ ‘ಹೊಟ್ಟೆ ಸರಿ ಇಲ್ಲ’ ಅಂತ ಮಾತ್ರ ಹೇಳಿ ಗ್ಯಾಸಿನ ಮಾತ್ರೆ ಹಿಡಿದುಕೊಂಡು ಬಂದಿಲ್ಲ? ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ: ಯಾವಾಗ ಶುರುವಾಯಿತು, ದಿನಕ್ಕೆ ಎಷ್ಟು ಸಲ, ರಾತ್ರಿ ಏಳಬೇಕಾಗುತ್ತದಾ, ತೂಕ ಇಳಿದಿದೆಯಾ, ಮನೆಯಲ್ಲಿ ಯಾರಿಗಾದರೂ ಕ್ಯಾನ್ಸರ್ ಇತ್ತಾ. ಮಕ್ಕಳು ಶಾಲೆಯಲ್ಲಿ ಮಲಯಾಳ ಕಲಿಯುತ್ತಿದ್ದರೂ ಈ ಮಾತು ಅವರಿಂದ ಹೇಳಿಸಬೇಡಿ, ನರ್ಸ್‌ಗಳಲ್ಲಿ ತುಳುವೋ ಕನ್ನಡವೋ ಬಲ್ಲವರನ್ನು ಕೇಳಿದರೆ ಹೆಚ್ಚಾಗಿ ಸಿಗುತ್ತಾರೆ. ರಕ್ತ ಹೋಗುತ್ತಿರುವವರು ‘ಮಲತ್ತಿಲ್ ರಕ್ತಂ ಪೋಗುನ್ನು’ ಅಂತ ಒಂದು ವಾಕ್ಯ ಹೇಳಿದರೂ ಡಾಕ್ಟರು ಕಿವಿಗೊಡುತ್ತಾರೆ.

ಪ್ರಶ್ನೆ: ಬೀಟ್‌ರೂಟ್ ಪಲ್ಯ ತಿಂದ ಮರುದಿನ ಮಲ ಕೆಂಪಾಗಿತ್ತು, ಗಾಬರಿ ಆಯಿತು. (ಮುಳ್ಳೇರಿಯ)

ಉತ್ತರ: ಬೀಟ್‌ರೂಟಿನಿಂದ ಆಗುತ್ತದೆ, ಒಂದೆರಡು ದಿನದಲ್ಲಿ ಹೋಗುತ್ತದೆ. ಕಬ್ಬಿಣದ ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆ, ಅದೂ ಸಹಜ. ಬೀಟ್‌ರೂಟ್ ತಿನ್ನದೆ ಕೆಂಪಾದರೆ, ಮಾತ್ರೆ ತಿನ್ನದೆ ಡಾಂಬರಿನ ಹಾಗೆ ಕಪ್ಪಗೆ ಅಂಟಂಟಾಗಿ ಹೋದರೆ ತಡ ಮಾಡದೆ ತೋರಿಸಿ.

ಪ್ರಶ್ನೆ: ಮಗನಿಗೆ 36. ಶಾರ್ಜಾದಲ್ಲಿ ಅಂಗಡಿಯಲ್ಲಿ ಕೆಲಸ. ಮೂರು ತಿಂಗಳಿಂದ ಮೋಷನ್ ಸರಿ ಇಲ್ಲ, ರಕ್ತವೂ ಕಂಡಿದೆಯಂತೆ. ವಿಡಿಯೋ ಕಾಲ್‌ನಲ್ಲಿ ನೋಡಿದರೆ ಮುಖ ಇಳಿದಿದೆ. ಮುಂದಿನ ರಜೆಗೆ ಊರಿಗೆ ಬಂದಾಗ ಮಂಗಳೂರಿನಲ್ಲಿ ತೋರಿಸುತ್ತೇನೆ ಅನ್ನುತ್ತಾನೆ. ರಜೆಗೆ ಇನ್ನೂ ಏಳು ತಿಂಗಳು ಇದೆ. (ಉಪ್ಪಳ)

ಉತ್ತರ: ಅಮ್ಮಾ, ಏಳು ತಿಂಗಳು ಕಾಯಲು ಬಿಡಬೇಡಿ. ಪ್ರಾಯದವರಲ್ಲಿ ಲಕ್ಷಣ ಶುರುವಾಗಿ ರೋಗ ಪತ್ತೆಯಾಗುವಷ್ಟರಲ್ಲಿ ಸಾಮಾನ್ಯವಾಗಿ ನಾಲ್ಕರಿಂದ ಆರು ತಿಂಗಳು ಕಳೆದಿರುತ್ತದೆ ಅಂತ ಬೇರೆ ಬೇರೆ ದೇಶಗಳ ಅಧ್ಯಯನಗಳು ಹೇಳುತ್ತವೆ, ನಿಮ್ಮ ಮಗ ಈಗಾಗಲೇ ಅದರ ಹತ್ತಿರ ಬಂದಾಗಿದೆ. ಅವನ ಹತ್ತಿರ ಇನ್ಶೂರೆನ್ಸ್ ಕಾರ್ಡ್ ಇದ್ದರೆ ಈ ವಾರವೇ ಅಲ್ಲಿನ ಕ್ಲಿನಿಕ್ಕಿಗೆ ಹೋಗಲಿ, ರಕ್ತಪರೀಕ್ಷೆ ಮತ್ತು ಬೆರಳಿನ ಪರೀಕ್ಷೆ ಅಲ್ಲೇ ಆಗಲಿ. ಅಲ್ಲಿ ಆಗುವುದೇ ಇಲ್ಲ ಅಂದರೆ ಎಮರ್ಜೆನ್ಸಿ ರಜೆ ಹಾಕಿ ಬರಲಿ. ಕೆಲಸ ಹೋದೀತು ಅನ್ನುವ ಹೆದರಿಕೆ ಸುಳ್ಳಲ್ಲ, ಮನೆಯ ಸಾಲ, ತಂಗಿಯ ಮದುವೆ ಎಲ್ಲ ಅವನ ತಲೆಯ ಮೇಲೆ ಇರಬಹುದು. ಆದರೆ ಕರುಳಿನ ಗೋಡೆಯಲ್ಲೇ ಇರುವಾಗ ಸಿಕ್ಕಿದರೆ 10ರಲ್ಲಿ 9 ಜನ ಐದು ವರ್ಷ ದಾಟುತ್ತಾರೆ, ಲಿವರಿಗೋ ಶ್ವಾಸಕೋಶಕ್ಕೋ ಹರಡಿದ ಮೇಲಾದರೆ ಅಷ್ಟು ದಾಟುವವರು 10ರಲ್ಲಿ ಒಬ್ಬಿಬ್ಬರು. ಇದು ಅಮೆರಿಕದ ಲೆಕ್ಕ. ಅವನಿಗೆ ಇದನ್ನು ಓದಿ ಹೇಳಿ.

ಪ್ರಶ್ನೆ: ಈಗ ಇದು ಪ್ರಾಯದವರಿಗೆ ಯಾಕೆ ಬರುತ್ತಿದೆ? ಶವರ್ಮಾ, ಅಲ್‌ಫಾಮ್, ಬೇಕರಿ ತಿಂಡಿಯಿಂದ ಅಂತ ಎಲ್ಲರೂ ಹೇಳುತ್ತಾರೆ. ಹೌದಾ? (ಕುಂಬಳೆ)

ಉತ್ತರ: ಒಂದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಯಾರಿಗೂ ಇನ್ನೂ ಆಗಿಲ್ಲ. ಗೊತ್ತಿರುವುದನ್ನು ಹೇಳುತ್ತೇನೆ.

ಅಮೆರಿಕದಲ್ಲಿ 2017ರಲ್ಲಿ ಬಂದ ಒಂದು ಲೆಕ್ಕ ಎಲ್ಲರ ಕಣ್ಣು ತೆರೆಸಿತು. 1950ರ ಆಸುಪಾಸಿನಲ್ಲಿ ಹುಟ್ಟಿದವರಿಗೆ ಅವರ ಪ್ರಾಯದಲ್ಲಿ ಎಷ್ಟು ಅಪಾಯ ಇತ್ತೋ, 1990ರ ಆಸುಪಾಸಿನಲ್ಲಿ ಹುಟ್ಟಿದವರಿಗೆ ಅದೇ ಪ್ರಾಯದಲ್ಲಿ ಕರುಳಿನ ಕ್ಯಾನ್ಸರ್ ಅಪಾಯ ಎರಡು ಪಟ್ಟು, ಗುದನಾಳದ ಕ್ಯಾನ್ಸರ್ ಅಪಾಯ ನಾಲ್ಕು ಪಟ್ಟು. ತಲೆಮಾರಿನಿಂದ ತಲೆಮಾರಿಗೆ ಏರುತ್ತಿದೆ ಅಂದರೆ ಚಿಕ್ಕಂದಿನಿಂದಲೇ ಬದಲಾದ ಯಾವುದೋ ಸಂಗತಿ ಇದರ ಹಿಂದೆ ಇರಬೇಕು. ಈಗ ಅಲ್ಲಿ 50ರ ಒಳಗಿನ ಗಂಡಸರಲ್ಲಿ ಕ್ಯಾನ್ಸರ್ ಸಾವಿಗೆ ಇದೇ ಮೊದಲ ಕಾರಣ. ‘ಬ್ಲ್ಯಾಕ್ ಪ್ಯಾಂಥರ್’ ಸಿನಿಮಾದ ನಾಯಕ ಚಾಡ್ವಿಕ್ ಬೋಸ್‌ಮನ್ 2020ರಲ್ಲಿ ಇದರಿಂದ ತೀರಿಕೊಂಡಾಗ ಅವರಿಗೆ 43. ತಪಾಸಣೆ ಶುರು ಮಾಡುವ ವಯಸ್ಸನ್ನು ಅಲ್ಲಿ 2021ರಲ್ಲಿ 50ರಿಂದ 45ಕ್ಕೆ ಇಳಿಸಿದರು.

ಭಾರತದಲ್ಲಿ ಈ ರೋಗದ ಪ್ರಮಾಣ ಅಷ್ಟಿಲ್ಲ. 50 ದೇಶಗಳನ್ನು ನೋಡಿದ ಒಂದು ಅಧ್ಯಯನ 2024ರ ಕೊನೆಗೆ ಬಂತು, ಅದರಲ್ಲಿ 27 ದೇಶಗಳಲ್ಲಿ ಪ್ರಾಯದವರ ಪ್ರಮಾಣ ಏರುತ್ತಿತ್ತು, ತೀರಾ ಕಮ್ಮಿ ಇದ್ದ ದೇಶಗಳಲ್ಲಿ ನಮ್ಮದೂ ಒಂದು. ಹಾಗಂತ ನಿಶ್ಚಿಂತೆಯಿಂದ ಇರುವ ಹಾಗಿಲ್ಲ, ಯಾಕೆಂದರೆ ನಮ್ಮ ದೊಡ್ಡ ಕ್ಯಾನ್ಸರ್ ಆಸ್ಪತ್ರೆಗಳಿಗೆ ಈ ರೋಗದಿಂದ ಬರುವವರಲ್ಲಿ 50 ತುಂಬದವರು ಬಹಳ ಜನ ಇರುತ್ತಾರೆ, ಅದೂ ರೋಗ ಬಲಿತ ಮೇಲೆ ಬರುತ್ತಾರೆ. ನಮ್ಮ ಸರಕಾರದ ತಪಾಸಣೆ ಕಾರ್ಯಕ್ರಮದಲ್ಲಿ ಇರುವುದು ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ಮಾತ್ರ, ಕರುಳಿನದ್ದು ಇಲ್ಲ. ಹಾಗಾಗಿ ನಮ್ಮನ್ನು ಎಚ್ಚರಿಸಲು ಇರುವುದು ನಮ್ಮ ಲಕ್ಷಣಗಳು ಮಾತ್ರ.

ಈಗ ತಿಂಡಿಗೆ ಬರೋಣ. ಸಾಸೇಜ್, ಬೇಕನ್, ಸಲಾಮಿಯಂಥ ಸಂಸ್ಕರಿಸಿದ ಮಾಂಸ ಈ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ದಿನಕ್ಕೆ 50 ಗ್ರಾಂ ತಿಂದರೆ ಅಪಾಯ ಸುಮಾರು ಶೇ. 18ರಷ್ಟು ಏರುತ್ತದೆ. ದನ, ಆಡು, ಹಂದಿಯ ಕೆಂಪು ಮಾಂಸ ಬಹುಶಃ ಕಾರಣ ಅಂತ ಅದರ ಕೆಳಗಿನ ಪಟ್ಟಿಯಲ್ಲಿದೆ. ಶವರ್ಮಾಕ್ಕೂ ಅಲ್‌ಫಾಮಿಗೂ ಹೆಚ್ಚಾಗಿ ಬಳಸುವ ಕೋಳಿ ಆ ಎರಡು ಪಟ್ಟಿಯಲ್ಲೂ ಇಲ್ಲ. 2022ರಲ್ಲಿ ಚೆರುವತ್ತೂರಿನಲ್ಲಿ ಶವರ್ಮಾ ತಿಂದ ವಿದ್ಯಾರ್ಥಿನಿ ತೀರಿಕೊಂಡ ಮೇಲೆ ನಮ್ಮ ಜಿಲ್ಲೆಯಲ್ಲಿ ಆ ಹೆಸರು ಕೇಳಿದರೇ ಹೆದರಿಕೆ, ಆದರೆ ಅದು ರೋಗಾಣುವಿನಿಂದ ಆದ ವಿಷಾಹಾರ, ಕ್ಯಾನ್ಸರ್‌ನ ವಿಷಯ ಬೇರೆ. ಶವರ್ಮಾಕ್ಕಿಂತ ಅದರ ಜೊತೆಗೆ ಬರುವ ದೊಡ್ಡ ಬಾಟ್ಲಿ ಕೂಲ್‌ಡ್ರಿಂಕ್ಸ್ ಬಗ್ಗೆ ನನಗೆ ಚಿಂತೆ ಜಾಸ್ತಿ. ಅಮೆರಿಕದ ನರ್ಸ್‌ಗಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನದಲ್ಲಿ, ದಿನಕ್ಕೆ ಎರಡು ಅಥವಾ ಹೆಚ್ಚು ಸಿಹಿ ಪಾನೀಯ ಕುಡಿಯುತ್ತಿದ್ದವರಿಗೆ 50ರ ಒಳಗೆ ಈ ಕ್ಯಾನ್ಸರ್ ಬರುವ ಅಪಾಯ ಎರಡು ಪಟ್ಟಿಗೂ ಹೆಚ್ಚು ಇತ್ತು. ಬೊಜ್ಜು, ದಿನವಿಡೀ ಕೂತಿರುವುದು, ಮದ್ಯ, ಬೀಡಿ ಸಿಗರೇಟು, ಇವುಗಳೂ ಅಪಾಯ ಏರಿಸುತ್ತವೆ. ಇಳಿಸುವುದು ನಾರು. ನಮ್ಮ ಕುಚ್ಚಲಕ್ಕಿ ಗಂಜಿ, ಹುರುಳಿ ಚಟ್ನಿ, ಬಸಳೆ, ಬಾಳೆದಿಂಡು, ನುಗ್ಗೆಸೊಪ್ಪು ಇರುವ ಮನೆಗೆ ಓಟ್ಸ್ ಪ್ಯಾಕೆಟ್ ಬೇಕಾಗಿಯೇ ಇಲ್ಲ.

ಇನ್ನೊಂದು ಹೊಸ ಸಂಗತಿ. ನಮ್ಮ ಕರುಳಿನಲ್ಲಿ ಇರುವ ಇ. ಕೋಲೈ ಬ್ಯಾಕ್ಟೀರಿಯಾದಲ್ಲಿ ಕೆಲವು ಜಾತಿ ಕೋಲಿಬ್ಯಾಕ್ಟಿನ್ ಅನ್ನುವ ವಿಷ ಮಾಡುತ್ತವೆ, ಅದು ಜೀವಕೋಶದ ಡಿಎನ್‌ಎಯಲ್ಲಿ ಗುರುತು ಬಿಡುತ್ತದೆ. 11 ದೇಶಗಳ 981 ರೋಗಿಗಳ ಗಡ್ಡೆಗಳನ್ನು ಪರೀಕ್ಷಿಸಿ 2025ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆ ಗುರುತು 70 ದಾಟಿದವರಿಗಿಂತ 40ರ ಒಳಗಿನವರಲ್ಲಿ ಮೂರು ಪಟ್ಟಿಗೂ ಜಾಸ್ತಿ ಕಂಡಿತು. ಆ ಗುರುತು ಬಿದ್ದದ್ದು ಮೊದಲ ಹತ್ತು ವರ್ಷದೊಳಗೆ ಇರಬೇಕು ಅಂತ ಅವರ ಅಂದಾಜು. ಇದಕ್ಕೆ ಇವತ್ತು ನಾವು ಮಾಡುವಂಥದ್ದು ಏನೂ ಇಲ್ಲ, ಆದರೆ ರೋಗಿಯನ್ನು ‘ಕಂಡದ್ದೆಲ್ಲ ತಿಂದೆ, ಅದಕ್ಕೇ ಬಂತು’ ಅಂತ ಬೈಯುವವರು ಇದನ್ನು ತಿಳಿದಿರಬೇಕು. ಸಪೂರ ಇದ್ದು, ಕುಡಿಯದೆ, ಮಾಂಸ ಮುಟ್ಟದೆ ಇದ್ದವರಿಗೂ ಬರುತ್ತದೆ.

ಪ್ರಶ್ನೆ: ನಮ್ಮದು ಎಣ್ಮಕಜೆ. ಗೇರು ತೋಟಕ್ಕೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಕೀಟನಾಶಕ ಹೊಡೆಯುವಾಗ ನಾನು ಚಿಕ್ಕವನು. ಕರುಳಿನ ಕ್ಯಾನ್ಸರ್ ಅದರಿಂದಲೂ ಬರುತ್ತದಾ?

ಉತ್ತರ: ನೀವು ಕೇಳುವುದು ಸಹಜ. 1970ರ ದಶಕದ ಕೊನೆಯಿಂದ 2000ದವರೆಗೆ ನಿಮ್ಮ ಮನೆ, ಬಾವಿ, ನೀರಿನ ಸುರಂಗದ ಮೇಲೆ ಅದು ಬಿದ್ದಿದೆ. 2011ರಲ್ಲಿ ಸುಪ್ರೀಂ ಕೋರ್ಟ್ ನಿಷೇಧಿಸುವವರೆಗೆ ಎಷ್ಟು ಮನೆಗಳು ಕಣ್ಣೀರು ಹಾಕಿವೆ ಅಂತ ಈ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಕರುಳಿನ ಕ್ಯಾನ್ಸರಿಗೆ ಅದು ಕಾರಣ ಅಂತ ಸಾಬೀತಾಗಿಲ್ಲ. ಪ್ರಾಯದವರಲ್ಲಿ ಈ ರೋಗ ಅತಿ ಹೆಚ್ಚು ಇರುವುದೂ ನಮ್ಮಲ್ಲಲ್ಲ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ಅಮೆರಿಕ, ದಕ್ಷಿಣ ಕೊರಿಯಾದಂಥ ದೇಶಗಳಲ್ಲಿ. ಡಾಕ್ಟರಿಗೆ ನಿಮ್ಮ ಊರಿನ ಹೆಸರು ಹೇಳಿ, ಅದು ದಾಖಲಾಗಲಿ. ‘ಎಲ್ಲ ಆ ವಿಷದಿಂದ, ಇನ್ನೇನು ಮಾಡುವುದು’ ಅಂತ ಮಾತ್ರ ಕೈಚೆಲ್ಲಬೇಡಿ. ಕಾರಣ ಏನೇ ಇರಲಿ, ಬೇಗ ಸಿಕ್ಕಿದ ಗಡ್ಡೆಯನ್ನು ತೆಗೆಯಬಹುದು.

ಪ್ರಶ್ನೆ: ಅಪ್ಪನಿಗೆ 49ನೇ ವಯಸ್ಸಿನಲ್ಲಿ ಕರುಳಿನ ಕ್ಯಾನ್ಸರ್ ಆಪರೇಷನ್ ಆಗಿತ್ತು. ನನಗೆ 38, ತಮ್ಮನಿಗೆ 33. ಇಬ್ಬರಿಗೂ ಏನೂ ತೊಂದರೆ ಇಲ್ಲ. ಪರೀಕ್ಷೆ ಬೇಕಾ? ಕೊಲೊನೋಸ್ಕೋಪಿ ತುಂಬಾ ನೋಯುತ್ತದಂತೆ. (ನೀರ್ಚಾಲು)

ಉತ್ತರ: ಬೇಕು. ಅಪ್ಪ, ಅಮ್ಮ, ಒಡಹುಟ್ಟಿದವರಿಗೆ ಬಂದಿದ್ದರೆ 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಮೊದಲೋ ಆಗ ಕೊಲೊನೋಸ್ಕೋಪಿ ಶುರು ಮಾಡಬೇಕು. ನಿಮ್ಮ ಲೆಕ್ಕದಲ್ಲಿ 39. ಅಂದರೆ ಈಗಲೇ ದಿನ ನೋಡಿಕೊಳ್ಳಿ. ಅಪ್ಪನ ಹಳೆಯ ಬಯಾಪ್ಸಿ ರಿಪೋರ್ಟ್ ಹುಡುಕಿ, ಲಿಂಚ್ ಸಿಂಡ್ರೋಮ್ ಅನ್ನುವ ಆನುವಂಶಿಕ ತೊಂದರೆ ಇದೆಯಾ ಅಂತ ನೋಡಲು ಹೇಳಿ. ಅದು ಇದ್ದರೆ ಲೆಕ್ಕವೇ ಬೇರೆ, 20ರಿಂದ 25ರ ಒಳಗೇ ಶುರು ಮಾಡಿ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ನೋಡಿಸಬೇಕು, ಆಗ ತಮ್ಮನದ್ದು ಈಗಲೇ ತಡ. ಅತ್ತೆ, ದೊಡ್ಡಪ್ಪ, ಅಜ್ಜಿ ಯಾರಿಗಾದರೂ ಕರುಳಿನ ಅಥವಾ ಗರ್ಭಕೋಶದ ಕ್ಯಾನ್ಸರ್ ಇತ್ತಾ ಅಂತಲೂ ಮನೆಯಲ್ಲಿ ಕೇಳಿ. ‘ಹೊಟ್ಟೆಯಲ್ಲಿ ಗಡ್ಡೆ ಆಗಿ ಹೋದರು’ ಅಂತ ಹಿರಿಯರು ಹೇಳುವುದು ಹೆಚ್ಚಾಗಿ ಇದನ್ನೇ ಆಗಿರಬಹುದು.

ನೋವಿನ ವಿಷಯ. ಮಂಪರು ಬರಿಸಿ ಮಾಡುತ್ತಾರೆ, ಅರ್ಧ ಗಂಟೆಯ ಕೆಲಸ. ಕಷ್ಟ ಇರುವುದು ಹಿಂದಿನ ದಿನ ಹೊಟ್ಟೆ ಖಾಲಿ ಮಾಡುವಾಗ. ಎರಡು ಮೂರು ದಿನ ಸೊಪ್ಪು, ಬೀಜ ಇರುವ ಹಣ್ಣು ಬಿಡಬೇಕು. ಹಿಂದಿನ ದಿನ ತಿಳಿ ದ್ರವ ಮಾತ್ರ: ಬೊಂಡದ ನೀರು ಆಗುತ್ತದೆ, ಮಜ್ಜಿಗೆ ಆಗುವುದಿಲ್ಲ. ಪುಡಿ ಕಲಸಿದ ಲೀಟರುಗಟ್ಟಲೆ ನೀರು ಕುಡಿಯಬೇಕು, ತಣ್ಣಗೆ ಮಾಡಿ ಕುಡಿದರೆ ಸುಲಭ. ಕಬ್ಬಿಣದ ಮಾತ್ರೆ ವಾರದ ಮೊದಲೇ ನಿಲ್ಲಿಸಿ. ರಕ್ತ ತೆಳು ಮಾಡುವ ಮಾತ್ರೆ, ಸಕ್ಕರೆ ಕಾಯಿಲೆಯ ಮದ್ದು ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಏನೂ ಮಾಡಬೇಡಿ. ಪಾಲಿಪ್ ಅನ್ನುವ ಸಣ್ಣ ಮೊಳಕೆ ಕಂಡರೆ ಆಗಲೇ ತೆಗೆಯುತ್ತಾರೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ ಹತ್ತು ವರ್ಷ ಬೇಕು, ಹಾಗಾಗಿ ಈ ಪರೀಕ್ಷೆ ಕ್ಯಾನ್ಸರನ್ನು ಹುಡುಕುವುದಷ್ಟೇ ಅಲ್ಲ, ಬಾರದ ಹಾಗೆ ತಡೆಯುತ್ತದೆ.

ಮಂಗಳೂರಿಗೆ ಹೋಗುವವರು ಮೊದಲೇ ಫೋನ್ ಮಾಡಿ ನಮ್ಮ ಕೇರಳದ ಆರೋಗ್ಯ ಕಾರ್ಡ್ ಅಲ್ಲಿ ನಡೆಯುತ್ತದಾ ಅಂತ ಕೇಳಿ. ಕೇರಳ ಸರಕಾರದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ, ಆದರೆ ಪಟ್ಟಿಯಲ್ಲಿರುವ ಆಸ್ಪತ್ರೆಗಳಲ್ಲಿ ಮಾತ್ರ. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ನಮಗೆ ರೈಲಿನಲ್ಲಿ ಹೋಗಿ ಬರುವಷ್ಟು ದೂರದಲ್ಲಿದೆ, ಅದನ್ನೂ ನೆನಪಿಡಿ.

ಪ್ರಶ್ನೆ: 29 ವರ್ಷ, ಮದುವೆಯಾಗಿ ಒಂದು ವರ್ಷ. ಗಂಡನಿಗೆ ಗುದನಾಳದ ಕ್ಯಾನ್ಸರ್ ಅಂತ ಗೊತ್ತಾಗಿದೆ. ಮೊದಲು ರೇಡಿಯೇಷನ್, ಕೀಮೋ, ಆಮೇಲೆ ಆಪರೇಷನ್, ಹೊಟ್ಟೆಗೆ ಚೀಲ ಇಡುತ್ತಾರೆ ಅಂದರು. ಅವರು ಯಾರ ಜೊತೆಗೂ ಮಾತಾಡುತ್ತಿಲ್ಲ. (ಮಂಜೇಶ್ವರ)

ಉತ್ತರ: ತಂಗಿ, ಮೊದಲು ಒಂದು ಅರ್ಜೆಂಟ್ ವಿಷಯ. ರೇಡಿಯೇಷನ್ ಮತ್ತು ಕೀಮೋದಿಂದ ಮುಂದೆ ಮಕ್ಕಳಾಗಲು ತೊಂದರೆ ಆಗಬಹುದು. ಚಿಕಿತ್ಸೆ ಶುರುವಾಗುವ ಮೊದಲೇ ವೀರ್ಯ ಶೇಖರಿಸಿ ಇಡುವ ವ್ಯವಸ್ಥೆ ದೊಡ್ಡ ಬಂಜೆತನ ಚಿಕಿತ್ಸಾ ಕೇಂದ್ರಗಳಲ್ಲಿದೆ, ಒಂದೆರಡು ದಿನದಲ್ಲಿ ಆಗುವ ಕೆಲಸ. ಡಾಕ್ಟರುಗಳು ಗಡಿಬಿಡಿಯಲ್ಲಿ ಇದನ್ನು ಹೇಳಲು ಮರೆಯುವುದುಂಟು, ನೀವೇ ಕೇಳಿ. ರೋಗಿ ಹೆಂಗಸಾಗಿದ್ದರೆ ಅಂಡಾಣು ಉಳಿಸುವ ದಾರಿ ಇದೆ, ಅದಕ್ಕೆ ಇನ್ನೂ ಸ್ವಲ್ಪ ದಿನ ಹಿಡಿಯುತ್ತದೆ.

ಮಲ ಹೊಟ್ಟೆಯ ಮೇಲಿಂದ ಹೊರಗೆ ಬಂದು ಸೇರುವ ಈ ಚೀಲ ತಾತ್ಕಾಲಿಕವೋ ಶಾಶ್ವತವೋ ಅಂತ ಸರ್ಜನ್ನರನ್ನು ನೇರ ಕೇಳಿ. ಗಡ್ಡೆ ಮಲದ್ವಾರದ ಸ್ನಾಯುವಿಗೆ ತಾಗದಿದ್ದರೆ ಹೆಚ್ಚಿನವರಿಗೆ ಕೆಲವು ತಿಂಗಳ ಮೇಲೆ ಕರುಳನ್ನು ಮತ್ತೆ ಸೇರಿಸುತ್ತಾರೆ. ಈಗಿನ ಚೀಲಗಳು ವಾಸನೆ ಬಿಡುವುದಿಲ್ಲ, ಅಂಗಿಯ ಒಳಗೆ ಕಾಣುವುದಿಲ್ಲ. ಮೂರರಲ್ಲಿ ಒಂದು ಭಾಗ ತುಂಬಿದಾಗ ಖಾಲಿ ಮಾಡಿದರೆ ಸೋರುವ ಭಯ ಕಮ್ಮಿ. ಸ್ನಾನ ಮಾಡಬಹುದು, ಕೋಲಕ್ಕೆ, ಮದುವೆಗೆ, ದೇವಸ್ಥಾನಕ್ಕೆ ಹೋಗಬಹುದು. ಭಾರ ಎತ್ತುವುದು, ಅಡಿಕೆ ಮರಕ್ಕೆ ಮದ್ದು ಬಿಡಲು ಹೋಗುವುದು ಮಾತ್ರ ಸರ್ಜನ್ ಒಪ್ಪಿದ ಮೇಲೆ.

ಮಾತಾಡದೆ ಇರುವವರನ್ನು ಮಾತಾಡಿ ಅಂತ ಒತ್ತಾಯ ಮಾಡಬೇಡಿ, ಜೊತೆಗೆ ನಡೆಯಲು ಕರೆಯಿರಿ. ಸಂಜೆ ಗುಡ್ಡೆಯ ಕಡೆಗೋ ಕಡಲ ಕರೆಗೋ, ಆಗುವಷ್ಟು ದೂರ. ಕೀಮೋ ಮುಗಿಸಿದ ಕರುಳಿನ ಕ್ಯಾನ್ಸರ್ ರೋಗಿಗಳಿಗೆ ಮೂರು ವರ್ಷ ಕ್ರಮವಾಗಿ ವ್ಯಾಯಾಮ ಮಾಡಿಸಿದ ದೊಡ್ಡ ಪ್ರಯೋಗದ ಫಲಿತಾಂಶ 2025ರಲ್ಲಿ ಬಂತು, ರೋಗ ಮರಳುವುದು ಅಥವಾ ಸಾವು ಅವರಲ್ಲಿ ಶೇ. 28ರಷ್ಟು ಕಮ್ಮಿ ಇತ್ತು. ಆ ಪ್ರಯೋಗದಲ್ಲಿ ಹೆಚ್ಚಿನವರು ಮಾಡಿದ್ದು ಬಿರುಸಾದ ನಡಿಗೆಯಂಥದ್ದೇ. ಚಿಕಿತ್ಸೆ ಶುರುವಾದ ಮೇಲೆ ಇನ್ನೊಮ್ಮೆ ಬರೆಯಿರಿ, ರಿಪೋರ್ಟಿನ ಪ್ರತಿ ಕಳಿಸಿದರೆ ನೋಡಿ ಉತ್ತರ ಕೊಡುತ್ತೇನೆ.